ನಿಯಮ ಹನ್ನೊಂದು ಮತ್ತು ಕೋದಂಡಪ್ಪನವರ ಎಡಗಿವಿ

ಬಂಗಾರಪೇಟೆ
10 ಜೂನ್ 2024

ಸದಸ್ಯೆ ಶ್ವೇತ ಅವರಿಗೆ,

ವಿಷಯ: ಶಿಸ್ತು ನಿಯಮ ಹನ್ನೊಂದನ್ನು ಮೀರಿದ ಬಗ್ಗೆ ಕಾರಣ ಕೇಳುವ ನೋಟಿಸು.

ಬಂಗಾರಪೇಟೆ–ಕೆಜಿಎಫ್ ಕಟ್ಟಡ ಇಂಜಿನಿಯರುಗಳ ಮಂಡಳಿಯ ಶಿಸ್ತು ಸಮಿತಿಯ ಗೌರವ ಕಾರ್ಯದರ್ಶಿಯಾದ ಶಶಿಧರ್ ಎಂಬ ನಾನು ಈ ಮೂಲಕ ತಿಳಿಸುವುದೇನೆಂದರೆ, ಉರಿಗಾಂ ಬಳಿ ಹೊಸ ಬಡಾವಣೆ ಮಾಡುತ್ತಿರುವ ಕಂಟ್ರಾಕ್ಟರ್ ಬಚ್ಚಪ್ಪನವರು ನಿಮ್ಮ ಮೇಲೆ ದೂರು ಕೊಟ್ಟಿದ್ದಾರೆ. ಐವತ್ತು ಸಾವಿರ ಲೀಟರಿನ ನೀರಿನ ಟ್ಯಾಂಕಿಗೆ ಪಾಯ ತೋಡಿ, ಗಟ್ಟಿ ಬಂಡೆ ಸಿಕ್ಕಿ, ಬಂಡೆಗೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದ ಮೇಲೆ ನೀವು ಸಹಿ ಹಾಕುವುದಿಲ್ಲ ಅಂದಿರಂತೆ. ಹಾಕದಿರುವುದು ನಿಮ್ಮ ಹಕ್ಕು. ತಕರಾರಿರುವುದು ಕಾರಣದಲ್ಲಿ. ನಿಮ್ಮ ವರದಿಯ ಸಾಲನ್ನು ಇದ್ದ ಹಾಗೇ ಎತ್ತಿ ಬರೆಯುತ್ತೇನೆ:

"ನಿವೃತ್ತ ಗಣಿ ಕಾರ್ಮಿಕರಾದ ಶ್ರೀ ಕೋದಂಡಪ್ಪನವರು ಹಾರೆ ತಟ್ಟಿ ಎಡಗಿವಿಯಿಂದ ಕೇಳಿದ ಪ್ರಕಾರ ಬಂಡೆಯ ಕೆಳಗೆ ಟೊಳ್ಳು ಇದೆ. ಕೊರೆದು ನೋಡುವ ತನಕ ಟ್ಯಾಂಕು ಕಟ್ಟಬಾರದು."

ಶಿಸ್ತು ಸಮಿತಿಯ ಮೂವತ್ತೆರಡು ವರ್ಷದ ಕಡತಗಳಲ್ಲಿ ಕಿವಿ ಎಂಬ ಅಂಗದ ಪ್ರಸ್ತಾಪ ಇದೇ ಮೊದಲು. ಅದರಲ್ಲೂ ಎಡಗಿವಿ ಎಂದು ಖಚಿತವಾಗಿ ಹೇಳಿರುವುದರಿಂದ, ಬಲಗಿವಿಯ ಅಭಿಪ್ರಾಯ ಏನಿತ್ತು ಎಂದು ಅಧ್ಯಕ್ಷರಾದ ಆಂಜನಪ್ಪನವರು ಕೇಳಿದ್ದಾರೆ.

ನಿಯಮ ಹನ್ನೊಂದು ಹೀಗೆ ಹೇಳುತ್ತದೆ: "ಸದಸ್ಯರು ಅರ್ಹತೆಯಿಲ್ಲದ ಅನ್ಯರ ಅಭಿಪ್ರಾಯದ ಮೇಲೆ ಸಹಿ ಮಾಡತಕ್ಕದ್ದಲ್ಲ." ತಪ್ಪು ಸಾಬೀತಾದರೆ ಸದಸ್ಯತ್ವ ಹೋಗುತ್ತದೆ. ಸದಸ್ಯತ್ವ ಹೋದರೆ ನೀವು ಯಾರ ಮನೆಯ ನಕ್ಷೆಗೂ ಮೊಹರು ಒತ್ತುವಂತಿಲ್ಲ ಎಂಬುದು ನಿಮಗೆ ತಿಳಿದೇ ಇದೆ.

ಇನ್ನೊಂದು ಮಾತು. ನಿಯಮ ಹತ್ತೊಂಬತ್ತರ ಪ್ರಕಾರ ವಿಚಾರಣೆ ಮುಗಿಯುವ ತನಕ ನಾನು ನಿಮ್ಮೊಂದಿಗೆ ಫೋನಿನಲ್ಲಾಗಲಿ ಎದುರೆದುರಿಗಾಗಲಿ ಮಾತಾಡುವಂತಿಲ್ಲ. ಏನಿದ್ದರೂ ರಿಜಿಸ್ಟರ್ ಅಂಚೆ, ಬಂದದ್ದೆಲ್ಲ ಕಡತಕ್ಕೆ. ನಾವಿಬ್ಬರೂ ನಾಲ್ಕು ವರ್ಷದಿಂದ ಹೇಗೂ ಮಾತಾಡುತ್ತಿಲ್ಲವಾದ್ದರಿಂದ ಈ ನಿಯಮ ಪಾಲಿಸುವುದು ಕಷ್ಟವಾಗಲಾರದು.

ಇಂತಿ,
ಶಶಿಧರ್
ಗೌರವ ಕಾರ್ಯದರ್ಶಿ

*

ಉರಿಗಾಂ
18 ಜೂನ್ 2024

ಮಾನ್ಯ ಗೌರವ ಕಾರ್ಯದರ್ಶಿಗಳಿಗೆ,

ನೋಟಿಸು ಬಂತು. ಪೋಸ್ಟ್‌ಮ್ಯಾನ್ ನನ್ನ ಕೈಯಲ್ಲಿ ಸಹಿ ಹಾಕಿಸಿಕೊಳ್ಳುವಾಗ ಪಕ್ಕದ ಟೈಲರ್ ಶಶಿರೇಖಕ್ಕ "ಕೋರ್ಟಿಂದಾ?" ಅಂದರು. "ಅದಕ್ಕಿಂತ ದೊಡ್ಡ ಜಾಗದಿಂದ" ಅಂದೆ. ಅವತ್ತಿನಿಂದ ನನಗೆ ಎರಡು ಹೊತ್ತು ಟೀ ಅವರದೇ.

ಬಲಗಿವಿಯ ಅಭಿಪ್ರಾಯ: ಇಲ್ಲ. ನಂದಿದುರ್ಗ ಗಣಿಯೊಳಗೆ ಸಿಡಿಮದ್ದಿನ ಶಬ್ದಕ್ಕೆ ಅದು ಎಂಬತ್ತೆರಡನೇ ಇಸವಿಯಲ್ಲೇ ಹೋಯಿತಂತೆ. ಹಾಗಾಗಿ ಎಡಗಿವಿ ಅಂತ ಬರೆದೆ. ಬರೀ ಕಿವಿ ಅಂತ ಬರೆದಿದ್ದರೆ ಅರ್ಧ ಸುಳ್ಳಾಗುತ್ತಿತ್ತು.

ಇನ್ನು ನನ್ನ ಸಮಜಾಯಿಷಿ. ಪಾಯದ ಗುಂಡಿಯಲ್ಲಿ ಬಂಡೆ ನೋಡಿ ನನಗೂ ಖುಷಿಯಾಗಿತ್ತು. ಪೆನ್ನು ತೆಗೆದಿದ್ದೆ. ಕೋದಂಡಪ್ಪ ತಾತ ಅಲ್ಲಿ ರಾತ್ರಿ ಕಾವಲಿನವರು. ಬೆಳಿಗ್ಗೆ ಮನೆಗೆ ಹೊರಟವರು ಗುಂಡಿಗೆ ಇಳಿದು, ಚಪ್ಪಲಿ ಬಿಟ್ಟು, ಹಾರೆಯಿಂದ ಬಂಡೆಗೆ ನಾಲ್ಕು ಕಡೆ ತಟ್ಟಿ ನನ್ನ ಮುಖ ನೋಡಿದರು. "ಇದು ನೆಲ ಅಲ್ಲ ಕಣಮ್ಮ. ಯಾವುದೋ ಮನೆ ಚಾವಣಿ" ಅಂದರು.

ಉರಿಗಾಂ ನೆಲದ ಕೆಳಗೆ ಚಿನ್ನಕ್ಕಾಗಿ ಎಲ್ಲೆಲ್ಲಿ ತೋಡಿದ್ದಾರೆ ಅನ್ನುವುದಕ್ಕೆ ನನ್ನ ಹತ್ತಿರ ಪೂರ್ತಿ ನಕ್ಷೆ ಇಲ್ಲ. ಅವರು ಮೂವತ್ತು ವರ್ಷ ಆ ಕೆಳಗೇ ಇದ್ದವರು. ಕೇಳಿಯೂ ಕೇಳದ ಹಾಗೆ ಸಹಿ ಹಾಕಿದ್ದರೆ ನಿಯಮ ಏಳು ಮುರಿಯುತ್ತಿತ್ತು: "ಸದಸ್ಯರು ತಮ್ಮ ಅರಿವಿಗೆ ಬಂದ ನೆಲದ ದೋಷವನ್ನು ನಕ್ಷೆಯಲ್ಲಿ ಮುಚ್ಚಿಡತಕ್ಕದ್ದಲ್ಲ." ಏಳನ್ನು ಉಳಿಸಲು ಹೋಗಿ ಹನ್ನೊಂದು ಮುರಿದಿದ್ದೇನೆ. ಯಾವುದು ದೊಡ್ಡದು ಅಂತ ತಾವೇ ಹೇಳಬೇಕು. ನಿಯಮಗಳ ಕರಡು ತಮ್ಮದೇ ಅಂತ ಕೇಳಿದ್ದೇನೆ.

ವಂದನೆಗಳೊಂದಿಗೆ,
ಶ್ವೇತ

*

ಬಂಗಾರಪೇಟೆ
28 ಜೂನ್ 2024

ಸದಸ್ಯೆ ಶ್ವೇತ ಅವರಿಗೆ,

ನಿಮ್ಮ ಉತ್ತರ ತಲುಪಿತು. ಮಾರಿಕುಪ್ಪಂ ರೈಲು ಹತ್ತಿದರೆ ಉರಿಗಾಂನಿಂದ ಇಲ್ಲಿಗೆ ಅರ್ಧ ಗಂಟೆ. ನಿಮ್ಮ ಪತ್ರ ಆರು ದಿನ ತೆಗೆದುಕೊಂಡಿದೆ. ದಾರಿಯಲ್ಲಿ ಎಲ್ಲೆಲ್ಲಿ ಇಳಿದು ಕಾಫಿ ಕುಡಿಯಿತೋ ತಿಳಿಯದು.

ಏಳು ದೊಡ್ಡದೋ ಹನ್ನೊಂದು ದೊಡ್ಡದೋ ಎಂಬ ಪ್ರಶ್ನೆಯನ್ನು ಸಮಿತಿಯ ಮುಂದಿಟ್ಟೆ. ಒಬ್ಬರು ಹನ್ನೊಂದು ಅಂದರು. ಇನ್ನೊಬ್ಬರು ಊಟದ ಸಮಯ ಆಯಿತು ಅಂದರು. ನಿಯಮ ಏಳರ ಪ್ರತಿ ಅಕ್ಷರವೂ ನನ್ನದೇ ಎಂಬುದು ನಿಜ. ಅದರ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ.

ಕಾರ್ಯದರ್ಶಿಯಾಗಿ ಒಂದು ಸಲಹೆ ಕೊಡಲು ನಿಯಮದಲ್ಲಿ ಅವಕಾಶವಿದೆ. ಆ ಒಂದು ಸಾಲು ತೆಗೆದು, "ಪ್ರಾಥಮಿಕ ತಪಾಸಣೆಯಲ್ಲಿ ಅನುಮಾನ ಕಂಡುಬಂದಿದ್ದರಿಂದ" ಎಂದು ಬರೆದು ಹೊಸ ವರದಿ ಕಳಿಸಿ. ಕೋದಂಡಪ್ಪನವರ ಹೆಸರು ಬೇಡ, ಕಿವಿ ಬೇಡ, ಹಾರೆ ಬೇಡ. ಕೊರೆದು ನೋಡಬೇಕೆಂಬ ನಿಮ್ಮ ಷರತ್ತು ಹಾಗೇ ಇರಲಿ. ಶ್ರಾವಣದೊಳಗೆ ಕಡತ ಮುಚ್ಚುತ್ತೇನೆ.

ಇಷ್ಟು ಅಧಿಕೃತ. ಮುಂದಿನದೂ ಅಧಿಕೃತವೇ, ಆದರೆ ಕುತೂಹಲದಿಂದ ಕೇಳುತ್ತಿದ್ದೇನೆ. ಹಾರೆ ತಟ್ಟಿದರೆ ಟೊಳ್ಳು ಹೇಗೆ ಗೊತ್ತಾಗುತ್ತದೆ? ನಾನೂ ನಮ್ಮ ಮನೆ ಹಿತ್ತಲಲ್ಲಿ, ಆಮೇಲೆ ಅಡುಗೆಮನೆಯಲ್ಲಿ ತಟ್ಟಿ ನೋಡಿದೆ. ಎಲ್ಲ ಕಡೆಯೂ ಒಂದೇ ಶಬ್ದ. ಅಡುಗೆಮನೆಯ ಒಂದು ಟೈಲ್ಸ್ ಮಾತ್ರ ಬೇರೆ ಶಬ್ದ ಮಾಡಿತು, ಅದು ಒಡೆದದ್ದರಿಂದ. ನನ್ನ ಹೆಂಡತಿ ಶ್ಯಾಮಲ ಈ ವಿಚಾರಣೆ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದಾಳೆ. ಅದನ್ನೂ ಕಡತಕ್ಕೆ ಸೇರಿಸಿದ್ದೇನೆ.

ಮಂಡಳಿಯ ಕಚೇರಿಯಲ್ಲಿ ಕೂತು ಈ ಪತ್ರ ಬರೆಯುವಾಗ ಕರೆಂಟು ಇದೆ, ಫ್ಯಾನೂ ತಿರುಗುತ್ತಿದೆ. ನನ್ನ ಕುರ್ಚಿಗೆ ಮಾತ್ರ ಗಾಳಿ ಬರುವುದಿಲ್ಲ. ನಿಮಗೆ ನೆನಪಿರಬಹುದು.

ಇಂತಿ,
ಶಶಿಧರ್

*

ಉರಿಗಾಂ
6 ಜುಲೈ 2024

ಸಾರ್,

"ಮಾನ್ಯ ಗೌರವ ಕಾರ್ಯದರ್ಶಿಗಳಿಗೆ" ಅಂತ ಎರಡು ಸಲ ಬರೆದು ಹರಿದೆ. ಟೈಲ್ಸ್ ಒಡೆದವರನ್ನು ಹಾಗೆ ಕರೆಯಲು ಕೈ ಬರಲಿಲ್ಲ.

ಆ ಸಾಲು ತೆಗೆಯುವುದಿಲ್ಲ ಸಾರ್.

ನಿಮ್ಮ ಹತ್ತಿರ ಕೆಲಸ ಕಲಿಯಲು ಬಂದ ಮೊದಲ ದಿನ ಒಂದು ಸೈಟು ಅಳೆಯಲು ಕಳಿಸಿದಿರಿ. ಟೇಪಿನ ಆ ತುದಿ ಹಿಡಿದಿದ್ದು ಮಂಡಳಿ ಕಚೇರಿಯ ವಾಚ್‌ಮನ್ ಗೋಪಿ. ಅಳತೆ ಪುಸ್ತಕದಲ್ಲಿ ನನ್ನ ಹೆಸರು ಮಾತ್ರ ಬರೆದಿದ್ದೆ. ನೀವು ಆ ಪುಟ ಹೊಡೆದುಹಾಕಿ ಮತ್ತೆ ಬರೆಸಿದಿರಿ. "ನೀನು ಓದಿದ್ದು ಈ ತುದಿಯ ಅಂಕಿ. ಆ ತುದಿ ಸೊನ್ನೆ ಮೇಲೆ ನಿಂತಿದೆ ಅಂತ ಯಾರ ಮಾತಿನ ಮೇಲೆ ನಂಬಿದೆ? ಅವನ ಹೆಸರು ಬರಿ" ಅಂದಿರಿ. ನಾನು ಇವತ್ತಿಗೂ ಬರೆಯುತ್ತೇನೆ. ಬಚ್ಚಪ್ಪನವರ ಪಾಯದಲ್ಲಿ ಆ ತುದಿ ಹಿಡಿದವರು ಕೋದಂಡಪ್ಪ ತಾತ. "ಪ್ರಾಥಮಿಕ ತಪಾಸಣೆ" ಅನ್ನುವ ಹೆಸರಿನವರು ಯಾರೂ ಆ ಗುಂಡಿಗೆ ಇಳಿಯಲಿಲ್ಲ.

ಶಬ್ದ ಹೇಗಿರುತ್ತದೆ ಅಂತ ತಾತನನ್ನೇ ಕೇಳಿ. ನನಗೆ ಕಲಿಸಲು ನೋಡಿದರು. ಇಪ್ಪತ್ತು ಸಲ ತಟ್ಟಿದರೂ ನನಗೆ ಬಂಡೆಗಿಂತ ನನ್ನ ಎದೆಬಡಿತವೇ ಜಾಸ್ತಿ ಕೇಳಿತು. ಅವರು ತಟ್ಟುವ ಮೊದಲು ಮಾರಿಕುಪ್ಪಂ ರೈಲು ದಾಟಿ ಹೋಗಲಿ ಅಂತ ಕಾಯುತ್ತಾರೆ. ರೈಲು ಹೋದ ಮೇಲೂ ನೆಲ ಸ್ವಲ್ಪ ಹೊತ್ತು ಗುನುಗುತ್ತದಂತೆ.

ಇನ್ನು, ನಾವು ಮಾತು ಬಿಡಲು ಕಾರಣವಾದ ಬೋರ್ಡಿನ ವಿಷಯ. ನಿಮಗೆ ಹೇಳದೆ ನನ್ನ ಆಫೀಸಿನ ಬೋರ್ಡು ಹಾಕಿದೆ, ನೀವು ಅದನ್ನು ರೈಲಿನ ಕಿಟಕಿಯಿಂದ ನೋಡಿದಿರಿ ಅಂತ ಗೋಪಿ ಹೇಳಿದ್ದ. ಹೇಳಲು ಮೂರು ದಿನ ನಿಮ್ಮ ಆಫೀಸಿನ ಮೆಟ್ಟಿಲ ತನಕ ಬಂದಿದ್ದೆ. ಇದನ್ನೂ ಕಡತಕ್ಕೆ ಸೇರಿಸಿ.

ಶ್ವೇತ

*

ಬಂಗಾರಪೇಟೆ
20 ಜುಲೈ 2024

ಸದಸ್ಯೆ ಶ್ವೇತ ಅವರಿಗೆ,

ಸೇರಿಸಿದ್ದೇನೆ. ಪುಟ ಇಪ್ಪತ್ತಮೂರು.

ಗೋಪಿಯ ಪ್ರಸಂಗ ನನಗೆ ಮರೆತುಹೋಗಿತ್ತು. ಕಲಿಸಿದವರಿಗೆ ಮರೆತದ್ದು ಕಲಿತವರಿಗೆ ನೆನಪಿರುವುದು ಶಿಸ್ತಿನ ದೃಷ್ಟಿಯಿಂದ ಸರಿಯಲ್ಲ.

ಸಮಿತಿಯಲ್ಲಿ ನಿಮ್ಮ ಪತ್ರ ಓದಲಾಯಿತು. ಅಧ್ಯಕ್ಷರು, "ಆ ಹುಡುಗಿ ಸಾಲು ತೆಗೆಯಲ್ಲ ಅಂದರೆ ಕಿವಿಯನ್ನೇ ಪರೀಕ್ಷೆ ಮಾಡೋಣ. ಕಿವಿ ನಿಜವಾದರೆ ದೂರು ಬಿಡೋಣ, ಸುಳ್ಳಾದರೆ ಸದಸ್ಯತ್ವ ತೆಗೆಯೋಣ" ಅಂದರು. ಹಾಗೇ ನಿರ್ಣಯವಾಗಿದೆ. ಕಿವಿಯನ್ನು ಪರೀಕ್ಷಿಸುವ ವಿಧಾನ ನಿಯಮಗಳಲ್ಲಿ ಇಲ್ಲದ್ದರಿಂದ ಅದನ್ನು ರಚಿಸಲು ನನಗೇ ಹೇಳಿದ್ದಾರೆ. ಅದಕ್ಕೆ ಮುಂಚೆ ಕೋದಂಡಪ್ಪನವರಿಗೆ ನಾಲ್ಕು ಪ್ರಶ್ನೆಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಸಮಿತಿಗೆ ಬೇಕಾದದ್ದು ಮೊದಲ ಎರಡು. ಉಳಿದದ್ದು ನನಗೇ ಬೇಕು.

ಇಂತಿ,
ಶಶಿಧರ್

*

ಉರಿಗಾಂ
27 ಜುಲೈ 2024

ಸೆಕ್ರೆಟ್ರಿ ಸಾಮಿಗಳಿಗೆ ಕೋದಂಡಪ್ಪ ಮಾಡೋ ನಮಸ್ಕಾರ.

ನಾನು ಯೋಳ್ತಾ ಇವ್ನಿ, ನನ್ನ ಮೊಮ್ಮಗಳು ಪುಷ್ಪ ಬರೀತಾವ್ಳೆ. ಅವಳು ಬಿ.ಎ. ಅದಕ್ಕೇ ಮಧ್ಯ ಮಧ್ಯ ತಿದ್ತಾಳೆ, ನೀವು ತಲೆ ಕೆಡಿಸ್ಕಬ್ಯಾಡಿ.

ಒಂದ್ನೇದು, ನನ್ನ ಅರ್ಹತೆ ಏನು ಅಂತ ಕೇಳಿದೀರಿ. ಗಣೀಲಿ ಪಾಳಿ ಶುರು ಆದಾಗ ಮೊದ್ಲು ಒಳಕ್ಕೆ ಓಗೋನು ನಾನು. ಮದ್ದು ಸಿಡಿದಿರೋ ಜಾಗ್ದಲ್ಲಿ ಮೇಲಿನ ಬಂಡೆ ತಟ್ಟಿ, ಬೀಳ್ತದೋ ನಿಲ್ತದೋ ಯೋಳ್ಬೇಕು. ನಿಲ್ತದೆ ಅಂದ್ರೆ ಇಪ್ಪತ್ತು ಜನ ಒಳಕ್ಕೆ ಬತ್ತಾರೆ. ನಾನು ಇನ್ನೂ ಬದುಕಿವ್ನಿ, ಆ ಇಪ್ಪತ್ತು ಜನಾನೂ ಮನೇಗೆ ಓದ್ರು. ಅದೇ ಸರ್ಟಿಫಿಕೇಟು.

ಎರಡ್ನೇದು, ಸಬ್ದ. ಒಂದು ಕೈಯಾಗೆ ಹಾರೆ, ಇನ್ನೊಂದು ಕೈ ಬಂಡೆ ಮ್ಯಾಲೆ ಇಕ್ಕಬೇಕು. ಗಟ್ಟಿ ಬಂಡೆ ಗಂಟೆ ತರ ಯೋಳ್ತದೆ. ಬುಡ ಬಿಟ್ಟಿದ್ದು ಮಣ್ಣಿನ ಮಡಕೆ ತರ ಯೋಳ್ತದೆ. ಕಿವಿ ಮೋಸ ಓಗ್ಬೌದು, ಅಂಗೈ ಓಗಲ್ಲ. ನೀವು ಟೈಲ್ಸ್ ಮ್ಯಾಲೆ ಕೈ ಇಕ್ಕಿರಲಿಲ್ಲ, ಅದ್ಕೆ ಒಡೀತು. (ಒಡೆದದ್ದು ಹೊಡೆದ ಜೋರಿಗೆ ಅಂತ ನನ್ನ ಅಭಿಪ್ರಾಯ. ಪುಷ್ಪ.)

ಮೂರ್ನೇದು, ಭಯ ಆಗ್ತಿರಲಿಲ್ವಾ ಅಂತ. ಆಗ್ತಿತ್ತು. ಬೀಳ್ತದೆ ಅಂತ ಯೋಳೋಕ್ಕೆ ಭಯ, ಬಂಡೆಗಲ್ಲ. ಬೀಳ್ತದೆ ಅಂದ್ರೆ ಆ ದಿನ ಕೆಲ್ಸ ನಿಲ್ತದೆ, ಮೇಸ್ತ್ರಿ "ಏನ್ಲಾ ಕೋದಂಡ, ನಿನ್ನ ಕಿವೀಗೆ ಇವತ್ತು ಜ್ವರಾನಾ" ಅಂತಾನೆ. ಆದ್ರೂ ಯೋಳ್ಬೇಕು.

ನಾಕ್ನೇದು, ಒಂದ್ಸಲಾನಾದ್ರೂ ಗೊತ್ತಿದ್ದೂ ಯೋಳ್ದೆ ಇದ್ದೀಯಾ ಅಂತ ಕೇಳಿದೀರಿ. ಈ ಪ್ರಶ್ನೆ ಯಾಕೆ ಕೇಳಿದ್ರೋ ಗೊತ್ತಾಗ್ಲಿಲ್ಲ. ಇಲ್ಲ ಸಾಮಿ. ಯೋಳ್ದೆ ಇದ್ದಿದ್ರೆ ಅದನ್ನ ಎಲ್ಲಿ ಮಡೀಕಂಡು ತಿರುಗ್ಲಿ.

ಪರೀಕ್ಷೆಗೆ ಬತ್ತೀನಿ. ಹಾರೆ ನಂದೇ ತತ್ತೀನಿ.

ಹೆಬ್ಬೆಟ್ಟು ಅಲ್ಲ, ಸಹಿ: ಕೋದಂಡಪ್ಪ

*

ಬಂಗಾರಪೇಟೆ
6 ಆಗಸ್ಟ್ 2024

ಸದಸ್ಯೆ ಶ್ವೇತ ಅವರಿಗೆ,

ಕೋದಂಡಪ್ಪನವರ ಪತ್ರವನ್ನು ಸಮಿತಿಯಲ್ಲಿ ನಾನೇ ಓದಿದೆ. ನಾಲ್ಕನೇ ಪ್ರಶ್ನೆ ಅನಗತ್ಯವಾಗಿತ್ತೆಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಇದ್ದಿರಬಹುದು.

ಪರೀಕ್ಷೆ ಇದೇ ಭಾನುವಾರ, ಆಗಸ್ಟ್ 11, ಬೆಳಿಗ್ಗೆ ಹತ್ತಕ್ಕೆ. ಜಾಗ: ಮಂಡಳಿಯ ಕಚೇರಿಯ ಹಾಲ್. ನಾನು ಶಾಲೆಯ ಮೈದಾನ ಸೂಚಿಸಿದೆ, ಸಂತೆ ಮೈದಾನ ಸೂಚಿಸಿದೆ, ನಮ್ಮ ಮನೆ ಹಿತ್ತಲನ್ನೂ ಸೂಚಿಸಿದೆ. ಅಧ್ಯಕ್ಷರು ಯಾವುದನ್ನೂ ಒಪ್ಪಲಿಲ್ಲ. "ನಮ್ಮದೇ ಕಟ್ಟಡ ಇರುವಾಗ ಹಿತ್ತಲೇಕೆ? ಇದರ ನಕ್ಷೆ ನಮ್ಮ ಬೀರುವಿನಲ್ಲೇ ಇದೆ. ನೆಲವೆಲ್ಲ ಗಟ್ಟಿ ಅಂತ ಶಶಿಧರ್ ಅವರೇ ಸಹಿ ಮಾಡಿದ್ದಾರೆ. ಇದಕ್ಕಿಂತ ಖಚಿತವಾದ ನೆಲ ಜಿಲ್ಲೆಯಲ್ಲಿ ಎಲ್ಲಿದೆ?" ಅಂದರು. ಎಲ್ಲರೂ ತಲೆಯಾಡಿಸಿದರು.

ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತು ಚೌಕ ಬರೆದು ನಂಬರು ಹಾಕುತ್ತೇವೆ. ಗಟ್ಟಿ ಜಾಗದಲ್ಲಿ ಟೊಳ್ಳು ಅಂದರೆ ಕಿವಿ ಸುಳ್ಳು. ವಿಧಾನ ನಾನೇ ರಚಿಸಿದ್ದು, ಸರಳವಾಗಿದೆ.

ಆ ದಿನವೂ ನಾನು ನಿಮ್ಮೊಂದಿಗೆ ಮಾತಾಡುವಂತಿಲ್ಲ.

ಇಂತಿ,
ಶಶಿಧರ್

*

ಉರಿಗಾಂ
14 ಆಗಸ್ಟ್ 2024

ಸಾರ್,

ನೀವು ಮಾತಾಡಲಿಲ್ಲ. ನಿಯಮ ಚೆನ್ನಾಗಿ ಪಾಲಿಸಿದಿರಿ. ಹಾಗಾಗಿ ನಾನು ಕಂಡದ್ದನ್ನು ಬರೆಯುತ್ತೇನೆ, ಕಡತದಲ್ಲಿ ನನ್ನ ಕಡೆಯದೂ ಇರಲಿ.

ತಾತ ಒಳಗೆ ಬಂದವರೇ ಚಪ್ಪಲಿ ಬಿಟ್ಟರು. ಫ್ಯಾನ್ ಆಫ್ ಮಾಡಿಸಿದರು. ಆಂಜನಪ್ಪನವರ ಫೋನನ್ನೂ ಆಫ್ ಮಾಡಿಸಿದರು. ಅದು ಯಾರಿಂದಲೂ ಆಗದ ಕೆಲಸ ಅಂತ ಗೋಪಿ ನನ್ನ ಕಿವಿಯಲ್ಲಿ ಹೇಳಿದ. ರೈಲು ದಾಟಿತು, ಇನ್ನೂ ಐದು ನಿಮಿಷ ಕಾದರು. ಆಮೇಲೆ ಒಂದು ಅಂಗೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಹಾರೆ ಹಿಡಿದು ಚೌಕದಿಂದ ಚೌಕಕ್ಕೆ ಮಂಡಿಯ ಮೇಲೇ ಹೋದರು. "ಗಟ್ಟಿ. ಗಟ್ಟಿ. ಗಟ್ಟಿ." ಹದಿಮೂರನೆಯ ಚೌಕ ನಿಮ್ಮ ಕುರ್ಚಿಯ ಕೆಳಗಿತ್ತು. "ಸಾಮಿ, ಸ್ವಲ್ಪ ಏಳ್ತೀರಾ" ಅಂದರು. ನೀವು ಎದ್ದಿರಿ. ಅವರು ಎರಡು ಸಲ ತಟ್ಟಿದರು. ಮೂರನೇ ಸಲ ತಟ್ಟಲಿಲ್ಲ.

"ಇಲ್ಲಿ ಇಲ್ಲ" ಅಂದರು. "ಏನಿಲ್ಲ?" ಅಂದರು ಆಂಜನಪ್ಪನವರು. "ನೆಲ."

ಎಲ್ಲರೂ ನಕ್ಕರು. ಬೀರುವಿನಿಂದ ನಕ್ಷೆ ತೆಗೆದು ಮೇಜಿನ ಮೇಲೆ ಹಾಸಿದರು. ನಕ್ಷೆಯಲ್ಲಿ ಗಟ್ಟಿ ನೆಲ, ಕೆಳಗೆ ನಿಮ್ಮ ಸಹಿ, 1991. ಬಚ್ಚಪ್ಪನವರು ತಾತನ ಹೆಗಲು ತಟ್ಟಿ, "ಏಮಯ್ಯಾ, ಇಂಜಿನಿಯರುಗಳ ಆಫೀಸೇ ಟೊಳ್ಳಾ?" ಅಂದರು. ತಾತ ಹಾರೆ ತೆಗೆದುಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ನೀವು ನಗಲಿಲ್ಲ ಸಾರ್. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ಅದೇ ಜಾಗದಲ್ಲಿ ಮೆಲ್ಲಗೆ ಇಟ್ಟಿರಿ. ಎಳೆಯಲಿಲ್ಲ, ಎತ್ತಿ ಇಟ್ಟಿರಿ. ನನಗೆ ಒಂದು ಹಳೆಯ ವಿಷಯ ನೆನಪಾಯಿತು. ಕಡತದ ಬೀರುವನ್ನು ನಿಮ್ಮ ಕುರ್ಚಿಯ ಆ ಜಾಗಕ್ಕೆ ಸರಿಸೋಣ, ನೀವು ಫ್ಯಾನಿನ ಕೆಳಗೆ ಕೂತುಕೊಳ್ಳಿ ಅಂತ ಒಂದು ದಿನ ನಾನೇ ಬೀರುವಿಗೆ ಕೈ ಹಾಕಿದ್ದೆ. ನೀವು ನನ್ನ ಮೇಲೆ ಜೋರು ಮಾಡಿದ್ದು ಅದೊಂದೇ ಸಲ. ಒಂದು ಬೀರುವಿಗೆ ಅಷ್ಟೊಂದು ಕೋಪ ಯಾಕೆ ಅಂತ ಅವತ್ತು ಗೊತ್ತಾಗಿರಲಿಲ್ಲ.

ಏನೂ ಕೇಳುತ್ತಿಲ್ಲ. ಕಂಡದ್ದು ಬರೆದೆ.

ಶ್ವೇತ

*

ಬಂಗಾರಪೇಟೆ
30 ಆಗಸ್ಟ್ 2024

ಸದಸ್ಯೆ ಶ್ವೇತ ಅವರಿಗೆ,

ಪರೀಕ್ಷೆಯ ಫಲಿತಾಂಶದ ಕರಡು ಸಿದ್ಧವಾಗಿದೆ: "ಶ್ರೀ ಕೋದಂಡಪ್ಪನವರ ಶ್ರವಣ ಪರೀಕ್ಷೆ ಮಂಡಳಿಯ ದಾಖಲೆಗೆ ವಿರುದ್ಧವಾಗಿರುವುದರಿಂದ ವಿಶ್ವಾಸಾರ್ಹವಲ್ಲ." ಕಾರ್ಯದರ್ಶಿಯ ಸಹಿಯಾದ ಮೇಲೆ ಅಂತಿಮವಾಗುತ್ತದೆ. ಕೊನೆಯ ವಿಚಾರಣೆ ಸೆಪ್ಟೆಂಬರ್ 22ರಂದು. ಹೇಳುವುದೇನಾದರೂ ಇದ್ದರೆ ಅದಕ್ಕೆ ಮೊದಲು ಬರೆದು ತಿಳಿಸಿ.

ಶಶಿಧರ್

*

ಉರಿಗಾಂ
9 ಸೆಪ್ಟೆಂಬರ್ 2024

ಸಾರ್,

ನಿಮ್ಮ ಪತ್ರದಲ್ಲಿ ಈ ಸಲ ಶ್ಯಾಮಲಮ್ಮ ಇಲ್ಲ, ಕಾಫಿ ಕುಡಿಯುವ ಅಂಚೆ ಇಲ್ಲ, "ಇಂತಿ" ಕೂಡ ಇಲ್ಲ. ಆರು ಸಾಲು. ಓದಲು ಬಹಳ ಹೊತ್ತು ಹಿಡಿಯಿತು.

ಹೇಳುವುದು ಜಾಸ್ತಿ ಇಲ್ಲ. ಸಾಲು ತೆಗೆಯುವುದಿಲ್ಲ. ಕೈಯಲ್ಲಿರುವ ಎರಡು ಮನೆಯ ನಕ್ಷೆಗಳನ್ನು 22ರೊಳಗೆ ಮುಗಿಸಿಕೊಡುತ್ತೇನೆ, ಆಮೇಲೆ ನನ್ನ ಸಹಿ ನಡೆಯದಿದ್ದರೆ ಅವರಿಗೆ ತೊಂದರೆ. ಬೋರ್ಡಿನ ಮೊಳೆ ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟಿದ್ದೇನೆ. ಮುಂದೇನು ಅಂತ ಶಶಿರೇಖಕ್ಕನನ್ನು ಕೇಳಿದೆ. "ಅಳತೆ ತಗೊಳ್ಳೋಕ್ಕೆ ಬರ್ತದಲ್ಲ, ಬ್ಲೌಸು ಕಲಿ" ಅಂದರು.

ನಿನ್ನೆ ತಾತ ಬಂದಿದ್ದರು. ಸಮಿತಿ ಏನು ಹೇಳಿತು ಅಂತ ಕೇಳಲಿಲ್ಲ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಕೇಸು ಏನಾದ್ರೂ ಆಗ್ಲಮ್ಮ. ಆ ಸೆಕ್ರೆಟ್ರಿ ಸಾಮಿಗೆ ಒಂದು ಮಾತು ಯೋಳು. ಕುರ್ಚಿ ಅಲ್ಲಿಂದ ತೆಗೀಲಿ. ವಯಸ್ಸಾಗದೆ. ಅಲ್ಲಿ ಒಬ್ರೇ ಕೂರೋದು ಬ್ಯಾಡ."

ಶ್ವೇತ

*

ಬಂಗಾರಪೇಟೆ
17 ಸೆಪ್ಟೆಂಬರ್ 2024

ಶ್ವೇತಮ್ಮ,

ಇದು ಕಡತದ ಪುಟ ಐವತ್ತೆಂಟು. ನಂಬರು ನಾನೇ ಹಾಕಿದ್ದೇನೆ. ಪ್ರತಿಯನ್ನು ಆಂಜನಪ್ಪನವರಿಗೂ ಕಳಿಸಿದ್ದೇನೆ.

ಅಲ್ಲಿ ಬಾವಿ ಇದೆ.

ನಾನಾಗ ಮೂವತ್ತೈದರವನು, ಕೆಜಿಎಫ್‌ನಲ್ಲಿ ಒಂದು ಕಾರ್ಖಾನೆಯ ಕಟ್ಟಡ ವಿಭಾಗದಲ್ಲಿದ್ದೆ. ರಜೆ ಹಾಕಿ ಮಂಡಳಿಯ ಕಟ್ಟಡ ಕಟ್ಟಿಸಿದೆ. ಹಾಲಿನ ಜಾಗದಲ್ಲಿ ಹಳೆಯ ಸೇದುವ ಬಾವಿ ಸಿಕ್ಕಿತು. ಉದ್ಘಾಟನೆಯ ಕಾರ್ಡು ಅಚ್ಚಾಗಿತ್ತು. ಆಗಿನ ಅಧ್ಯಕ್ಷರು, ಈಗ ಅವರಿಲ್ಲ, "ಇಂಜಿನಿಯರುಗಳ ಆಫೀಸಿನ ಕೆಳಗೆ ಬಾವಿ ಅಂದರೆ ಊರು ನಗುತ್ತದೆ, ತುಂಬಿಸಿಬಿಡಿ, ನಕ್ಷೆಯಲ್ಲಿ ಬೇಡ" ಅಂದರು. ಬೇಡ ಅಂದದ್ದು ಅವರು, ಸಹಿ ಹಾಕಿದ್ದು ನಾನು. ಕಲ್ಲು ಮಣ್ಣು ತುಂಬಿಸಿ ಮೇಲೆ ಗಟ್ಟಿಯಾದ ಸ್ಲ್ಯಾಬು ಹಾಕಿಸಿದೆ. ಸ್ಲ್ಯಾಬಿನ ಲೆಕ್ಕ ಸರಿಯಾಗಿದೆ. ಮೂರು ಸಲ ಮಾಡಿದ್ದೇನೆ, ಕಳೆದ ತಿಂಗಳು ನಾಲ್ಕನೇ ಸಲ.

ಕಲ್ಲು ಹೊತ್ತವರಲ್ಲಿ ಮಾರಿಯಮ್ಮ ಎಂಬಾಕೆ ಇದ್ದಳು. ಕೊನೆಯ ದಿನ ಬುಟ್ಟಿ ಕೆಳಗಿಟ್ಟು, "ನೇತ್ತು (ನಿನ್ನೆ) ತುಂಬಿದ್ದು ಇವತ್ತು ಒಂದು ಮೊಳ ಇಳಿದದೆ ಸಾರ್, ಇನ್ನೂ ಮಣ್ಣು ಕೇಳ್ತದೆ ಅದು" ಅಂದಳು. ಇನ್ನೊಂದು ವಾರ ಕಾಯಬೇಕಿತ್ತು. ಕಾಯಲಿಲ್ಲ. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಿನಗೆ ಗೋಪಿಯ ಹೆಸರು ಬರೆಸಿದ್ದು ಯಾಕೆ ಅಂತ ಈಗ ನಿನಗೂ ಗೊತ್ತಾಗಿರಬಹುದು. ನಿಯಮ ಏಳನ್ನು ನಾನು ಬರೆದದ್ದು ಅದರ ಮರುವರ್ಷ. ಅಂಥ ನಿಯಮ ಬೇಕು ಅಂತ ಯಾರೂ ಕೇಳಿರಲಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಂತ ಹೊಗಳಿದರು.

ಆ ಜಾಗದಲ್ಲಿ ಬೀರು ಇಡಬಾರದು, ಯಾರೂ ಕೂರಬಾರದು. ಆದರೆ ಯಾಕೆ ಅಂತ ಹೇಳುವ ಹಾಗಿಲ್ಲ. ಅದಕ್ಕೆ ನಾನೇ ಕೂತೆ. ಮೂವತ್ತಮೂರು ವರ್ಷ. ಫ್ಯಾನಿಲ್ಲದೆ. ಅಲ್ಲೇ ಕೂತು ನಲವತ್ತೊಂದು ಜನರಿಗೆ ಶಿಸ್ತು ನೋಟಿಸು ಬರೆದಿದ್ದೇನೆ.

ಕರಡಿಗೆ ಸಹಿ ಹಾಕಲು ಮೂರು ಸಲ ಪೆನ್ನು ತೆಗೆದೆ. ಹಾಕಿದ್ದರೆ ನನ್ನ ಬಾವಿ ಉಳಿಯುತ್ತಿತ್ತು, ನಿನ್ನ ಬೋರ್ಡು ಇಳಿಯುತ್ತಿತ್ತು, ಬಚ್ಚಪ್ಪ ಚಾವಣಿಯ ಮೇಲೆ ಐವತ್ತು ಸಾವಿರ ಲೀಟರ್ ಇಡುತ್ತಿದ್ದ. ಅಷ್ಟು ಗೊತ್ತಿದ್ದೂ ಹದಿನೆಂಟು ದಿನ ಸುಮ್ಮನಿದ್ದೆ. ಅದನ್ನೂ ಬರೆದಿಡುತ್ತಿದ್ದೇನೆ. ಕೋದಂಡಪ್ಪನವರು ಕೇಸಿನ ಬಗ್ಗೆ ಬೈದು ಹೇಳಿ ಕಳಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ವಯಸ್ಸಿನ ಬಗ್ಗೆ ಹೇಳಿ ಕಳಿಸಿದರು.

ನಿಯಮ ಏಳರ ಅಡಿಯಲ್ಲಿ ಸದಸ್ಯ ಶಶಿಧರ್ ಅವರಿಗೆ ಕಾರಣ ಕೇಳಿ ನೋಟಿಸು ಕೊಟ್ಟಿದ್ದೇನೆ. ಕೈಯಿಂದ ಕೈಗೆ ತಲುಪಿತು, ಅಂಚೆ ಬೇಕಾಗಲಿಲ್ಲ. ಅವರ ಸಮಜಾಯಿಷಿ ಓದಿದೆ. ತೃಪ್ತಿಕರವಾಗಿಲ್ಲ.

ಕುರ್ಚಿ ಸರಿಸಿದ್ದೇನೆ. ಈಗ ಗಾಳಿ ಬರುತ್ತಿದೆ, ಕಾಗದಗಳು ಹಾರುತ್ತಿವೆ. ಕೆಲಸ ಮಾಡುವುದು ಕಷ್ಟ.

ಶಶಿಧರ್

*

ಉರಿಗಾಂ
14 ಅಕ್ಟೋಬರ್ 2024

ಸಾರ್,

ಈಗ ಫೋನಿನಲ್ಲಿ ಮಾತಾಡಬಹುದು, ನಿನ್ನೆ ಇಡೀ ದಿನ ಎದುರೆದುರೇ ಇದ್ದೆವು. ಆದರೂ ಕಡತ ಅರ್ಧಕ್ಕೆ ನಿಲ್ಲಬಾರದು ಅಂತ ಬರೆಯುತ್ತಿದ್ದೇನೆ.

ಸಮಿತಿಯ ಆದೇಶ ಬಂತು. ನನ್ನ ಮೇಲಿನ ದೂರು ವಜಾ. ಆದರೆ ಇನ್ನು ಮುಂದೆ ಕಿವಿಯ ಜೊತೆ ಕೊರೆದು ನೋಡಿದ ಫಲಿತಾಂಶವನ್ನೂ ಲಗತ್ತಿಸಬೇಕಂತೆ. ಒಪ್ಪಿದೆ, ಅದು ಸರಿಯಾದ ಮಾತು. ನಿಮಗೆ ಒಂದು ವರ್ಷ ಸಹಿ ಇಲ್ಲ, ಕಾರ್ಯದರ್ಶಿ ಹುದ್ದೆಯೂ ಇಲ್ಲ. ಆದೇಶ ಓದುವಾಗ ಆಂಜನಪ್ಪನವರ ಧ್ವನಿ ಎರಡು ಕಡೆ ನಿಂತಿತು ಅಂತ ಗೋಪಿ ಹೇಳಿದ. ನಿಮ್ಮದು ನಿಲ್ಲಲಿಲ್ಲವಂತೆ. ಒಂದು ಕಡೆ ನೀವೇ ಅವರ ವಾಕ್ಯ ತಿದ್ದಿದಿರಂತೆ.

ಬಚ್ಚಪ್ಪನವರು ಟ್ಯಾಂಕನ್ನು ಬಡಾವಣೆಯ ಇನ್ನೊಂದು ಮೂಲೆಗೆ ಬದಲಾಯಿಸಿದ್ದಾರೆ. ವಾಸ್ತು ಕಾರಣಕ್ಕಂತೆ. ಆ ಮೂಲೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ, ಯಾರೂ ಇಲ್ಲದಾಗ, ತಾತನ ಕೈಯಲ್ಲಿ ಹಾರೆ ತಟ್ಟಿಸಿದರಂತೆ. ಪುಷ್ಪ ಹೇಳಿದಳು. ತಾತ ಬಾಯಿ ಬಿಡಲಿಲ್ಲ. ನಾನು ಅಲ್ಲಿ ಕೊರೆಸಿ ನೋಡಿದೆ, ಗಟ್ಟಿ ಇದೆ. ಸಹಿ ಹಾಕಿದೆ.

ನಿನ್ನೆ ಹಾಲಿನ ನೆಲ ಬಿಚ್ಚಿದಾಗಿನ ಅಳತೆ ಪುಸ್ತಕದ ಪುಟವನ್ನು ಎತ್ತಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಹೊಸ ನಕ್ಷೆಗೆ ಬೇಕಾಗುತ್ತದೆ. ತಪ್ಪಿದ್ದರೆ ಹೊಡೆದುಹಾಕಿ ಮತ್ತೆ ಬರೆಸಿ.

"ಮಂಡಳಿ ಕಚೇರಿ, ಹಾಲ್, ಚೌಕ ಹದಿಮೂರು. ಸ್ಲ್ಯಾಬಿನ ಕೆಳಗೆ ಮಣ್ಣು ಕುಸಿದು ಆಗಿರುವ ಟೊಳ್ಳು: ನಾಲ್ಕು ಅಡಿ ಎರಡು ಇಂಚು. ಬಾವಿಯ ಅಡ್ಡಗಲ: ಏಳು ಅಡಿ.

ಟೊಳ್ಳನ್ನು ಮೊದಲು ಹೇಳಿದವರು: ಮಾರಿಯಮ್ಮ, 1991.
ಎರಡನೆಯವರು: ಕೋದಂಡಪ್ಪ, 2024.
ಟೇಪಿನ ಈ ತುದಿ: ಶ್ವೇತ.
ಆ ತುದಿ, ಸೊನ್ನೆಯ ಮೇಲೆ: ಶಶಿಧರ್."

ನಿಮ್ಮ
ಶ್ವೇತ